ಉಂಡು ಮಲಗಿದರೂ ಮುಗಿಯದ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಲಬುರಗಿ, ಬೀದರ್, ಯಾದಗಿರಿಯ ಓಣಿಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಒಂದು ನಿರ್ದಿಷ್ಟ ಹೊತ್ತಿನಲ್ಲಿ. ಪಕ್ಕದ ಮನೆಯಿಂದ ಹೆಣ್ಣುಮಗಳ ಚೀರಾಟ ಕೇಳಿ ಯಾರೋ ಒಬ್ಬರು ಚಪ್ಪಲಿ ಮೆಟ್ಟಿ ಹೊರಡಲು ನೋಡುತ್ತಾರೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಈ ಗಾದೆ ಹೇಳಿ ಅವರನ್ನು ಕೂರಿಸುತ್ತಾರೆ. ಎದ್ದವರನ್ನು ಕೂರಿಸುವುದಕ್ಕೆ ಬಳಕೆಯಾಗುತ್ತ ಬಂದಿರುವ ಈ ಮಾತನ್ನು ಅದರ ಪದಗಳಿಗೆ ಅಂಟಿಕೊಂಡು ಓದಿದರೆ ಅದು ಹೇಳುವುದು ಬೇರೆಯದನ್ನೇ. ಉಂಡು ಮಲಗುವಷ್ಟರಲ್ಲಿ ಮುಗಿಯುವುದು ಜಗಳ. ಸಾರು ಸಪ್ಪೆಯಾಯಿತೆಂದು ತಾಟು ಎಸೆಯುವುದು, ಎಲ್ಲರೂ ಉಂಡ ಮೇಲೆ ಉಳಿದರಷ್ಟೇ ಸೊಸೆ ಉಣ್ಣಬೇಕೆಂಬ ಕಟ್ಟಳೆ, ರಾತ್ರಿ ಬಾಗಿಲ ಚಿಲಕದ ಸದ್ದಿಗೇ ಮೈ ನಡುಗುವುದು, ಇವೆಲ್ಲ ಉಣ್ಣುವಲ್ಲಿ ಮತ್ತು ಮಲಗುವಲ್ಲಿಯೇ ನಡೆಯುವಂಥವು. ಇವು ಆ ಗಾದೆಯ ಜಗಳದೊಳಗೆ ಸೇರುವುದಿಲ್ಲ.

ಕೌಟುಂಬಿಕ ದೌರ್ಜನ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಬಹುತೇಕ ಠಾಣೆ, ಕೋರ್ಟು, ಕಾಯ್ದೆಗಳ ಸುತ್ತಲೇ ತಿರುಗುತ್ತದೆ. ಆದರೆ ಹೆಣ್ಣುಮಗಳೊಬ್ಬಳ ಸಂಕಟ ಠಾಣೆಯ ಮೆಟ್ಟಿಲು ಹತ್ತುವ ಮೊದಲು ತವರು, ಓಣಿ, ದೈವ ಎಂಬ ಮೂರು ಕಟಕಟೆಗಳನ್ನು ದಾಟಿ ಬರಬೇಕು. ಊರ ಹಿರಿಯರು ಸೇರಿ ನ್ಯಾಯ ಹೇಳುವ ಕೂಟಕ್ಕೆ ಈ ಭಾಗದಲ್ಲಿ ದೈವ ಎನ್ನುತ್ತೇವೆ. ಈ ಮೂರೂ ಕಡೆ ದೌರ್ಜನ್ಯವನ್ನು ಜಗಳವೆಂದೇ ಓದಲಾಗುತ್ತದೆ, ಮತ್ತು ಗುರುತಿಸುವಲ್ಲಿ ಆಗುವ ಈ ಒಂದು ತಪ್ಪು ಮುಂದಿನ ಎಲ್ಲ ನೆರವಿಗೂ ಅಡ್ಡ ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ.

ಜಗಳಕ್ಕೂ ದೌರ್ಜನ್ಯಕ್ಕೂ ಇರುವ ವ್ಯತ್ಯಾಸ ದನಿಯ ಎತ್ತರದಲ್ಲಿಲ್ಲ. ಜಗಳದಲ್ಲಿ ಇಬ್ಬರೂ ಬೈಯುತ್ತಾರೆ, ಇಬ್ಬರೂ ಮುನಿಸಿಕೊಳ್ಳುತ್ತಾರೆ, ಮರುದಿನ ಇಬ್ಬರಲ್ಲಿ ಯಾರು ಬೇಕಾದರೂ ಮೊದಲು ಮಾತನಾಡಿಸಬಹುದು. ದೌರ್ಜನ್ಯ ನಡೆಯುವ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿ ತಮ್ಮ ದಿನವನ್ನು ಅಳೆದುಕೊಳ್ಳುತ್ತಾರೆ. ಗಂಡ ಬರುವ ಹೊತ್ತಾಯಿತೆಂದರೆ ಮಕ್ಕಳು ತಾವಾಗಿಯೇ ಸುಮ್ಮನಾಗುವುದು, ತವರಿನಿಂದ ಬಂದ ಫೋನನ್ನು ಸ್ಪೀಕರಿನಲ್ಲಿ ಇಟ್ಟೇ ಮಾತನಾಡಬೇಕಾಗಿರುವುದು, ಅಂಗಡಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಳ್ಳುವುದು: ಪೆಟ್ಟು ಬೀಳದ ದಿನಗಳಲ್ಲಿಯೂ ಈ ಹೆದರಿಕೆ ಮನೆಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ವರ್ಷಕ್ಕೆ ಎರಡೇ ಸಲ ಕೈ ಎತ್ತಿದವನು ಉಳಿದ ದಿನಗಳೆಲ್ಲ ಆ ಎರಡು ಸಲದ ಬಡ್ಡಿಯನ್ನು ಉಣ್ಣುತ್ತಿರುತ್ತಾನೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯನ್ನು ಸಂಸತ್ತು 2005ರಲ್ಲಿ ಅಂಗೀಕರಿಸಿತು. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಅದರ 3ನೇ ಕಲಮು ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ನಾಲ್ಕು ಬಗೆಯ ಹಿಂಸೆಯನ್ನು ಹೆಸರಿಸುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ಮಾತಿನ ಹಿಂಸೆಯಲ್ಲಿ ಮಕ್ಕಳಾಗಲಿಲ್ಲವೆಂದು, ಗಂಡುಮಗು ಹುಟ್ಟಲಿಲ್ಲವೆಂದು ಹೀಯಾಳಿಸುವುದನ್ನು ಕಾಯ್ದೆ ಪ್ರತ್ಯೇಕವಾಗಿಯೇ ಉಲ್ಲೇಖಿಸುತ್ತದೆ. ಲೈಂಗಿಕ ಹಿಂಸೆಯ ವಿಷಯದಲ್ಲಿ ಒಂದು ಮುಖ್ಯ ಸಂಗತಿ ಇದೆ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಭಾರತೀಯ ನ್ಯಾಯ ಸಂಹಿತೆ ಅತ್ಯಾಚಾರದ ವ್ಯಾಖ್ಯೆಯಿಂದ ಇಂದಿಗೂ ಹೊರಗಿಟ್ಟಿದೆ, ಆದರೆ 2005ರ ಕಾಯ್ದೆಯಡಿ ಅದು ದೌರ್ಜನ್ಯವೇ. ಅದನ್ನು ಹೇಳಿಕೊಂಡು ಹೆಣ್ಣುಮಗಳು ರಕ್ಷಣೆ ಕೇಳಬಹುದು. ಹದಿನೆಂಟರೊಳಗಿನ ಹುಡುಗಿಯಾದರೆ ಮದುವೆಯೆಂಬ ನೆಪ ನಿಲ್ಲುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅತ್ಯಾಚಾರವೆಂದೇ ಹೇಳಿದೆ. ಬಾಲ್ಯವಿವಾಹ ಇನ್ನೂ ಕದ್ದುಮುಚ್ಚಿ ನಡೆಯುವ ನಮ್ಮ ತಾಲ್ಲೂಕುಗಳಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಬಾರದು.

ನಾಲ್ಕನೆಯದಾದ ಆರ್ಥಿಕ ಹಿಂಸೆಯನ್ನು ಹಿಂಸೆಯೆಂದು ಒಪ್ಪುವವರು ಎಲ್ಲಕ್ಕಿಂತ ಕಡಿಮೆ. ದುಡ್ಡು ಗಂಡಸಿನ ಕೈಯಲ್ಲಿರುವುದು ಸಹಜ ಎಂಬ ನಂಬಿಕೆಯ ಕೆಳಗೆ ಅದು ಅಡಗಿರುತ್ತದೆ. ತೊಗರಿ ಕಟಾವಿನಲ್ಲಿ ದಿನವಿಡೀ ದುಡಿದವಳ ಕೂಲಿಯನ್ನು ಹೊಲದಲ್ಲಿಯೇ ಗಂಡ ಪಡೆದುಕೊಳ್ಳುವುದು, ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಅಥವಾ ಕಬ್ಬು ಕಡಿಯಲು ಹೊರಡುವ ಜೋಡಿಗೆ ಸಿಗುವ ಮುಂಗಡ ಒಂದೇ ಕೈಗೆ ಸೇರುವುದು, ಸಂಘದಲ್ಲಿ ಅವಳ ಹೆಸರಲ್ಲಿ ಸಾಲ ಎತ್ತಿಸಿ ಕಂತಿನ ದಿನ ಅವಳನ್ನೇ ಮುಂದೆ ನಿಲ್ಲಿಸುವುದು, ತವರಿನ ಬಂಗಾರವನ್ನು ಕೇಳದೆ ಅಡವಿಡುವುದು, ಇವೆಲ್ಲ ಕಾಯ್ದೆಯ ಮಾತಿನಲ್ಲಿ ಆರ್ಥಿಕ ಹಿಂಸೆಯೇ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಆ ಹಣ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಬೆನ್ನಿಗೆ ಬಲ ತಂದಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಹಣ ಖಾತೆಗೆ ಬಿದ್ದ ಸಂದೇಶ ಯಾರ ಮೊಬೈಲಿಗೆ ಹೋಗುತ್ತದೆ, ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂದು ಕೇಳಿದರೆ ಮಾತ್ರ ಮನೆಯ ನಿಜವಾದ ಸ್ಥಿತಿ ತಿಳಿಯುತ್ತದೆ. ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರುವ ಮುದುಕಿಯ ಹಣವನ್ನು ಮಗ ಕಿತ್ತುಕೊಂಡು, ಕೊಡದಿದ್ದರೆ ಹೊಡೆಯುವುದೂ ಈ ಕಾಯ್ದೆಯೊಳಗೇ ಬರುತ್ತದೆ, ಏಕೆಂದರೆ ಇದು ಹೆಂಡತಿಗಷ್ಟೇ ಸೀಮಿತವಲ್ಲ. ತಾಯಿ, ವಿಧವೆಯಾದ ಸೊಸೆ, ಮದುವೆಯಾಗದೆ ಅಣ್ಣನ ಮನೆಯಲ್ಲಿರುವ ತಂಗಿ, ಕುಟುಂಬದ ಸಂಬಂಧದಲ್ಲಿ ಒಂದೇ ಸೂರಿನಡಿ ಬಾಳಿದ ಯಾವ ಹೆಣ್ಣುಮಗಳೂ ಇದರ ಮೊರೆ ಹೋಗಬಹುದು.

ಸಮಸ್ಯೆಯ ಅಳತೆಗೆ ಒಂದೆರಡು ಅಂಕಿಗಳು ಸಾಕು. ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ಶೇ 20.6, ಐದನೆಯ ಸಮೀಕ್ಷೆಯಲ್ಲಿ ಅದು ಶೇ 44.4ಕ್ಕೆ ಏರಿ ರಾಜ್ಯಗಳ ಪೈಕಿ ಅತಿ ಹೆಚ್ಚಿನ ಪ್ರಮಾಣವಾಯಿತು. ಆಗ ದೇಶದ ಸರಾಸರಿ ಶೇ 29.3 ಇತ್ತು. ಈ ಜಿಗಿತಕ್ಕೆ ಲಾಕ್‌ಡೌನನ್ನು ಹೊಣೆ ಮಾಡುವ ಮಾತು ಆಗಾಗ ಕೇಳಿಬರುತ್ತದೆ, ಆದರೆ ಕರ್ನಾಟಕದ ಸಮೀಕ್ಷೆ ಕೋವಿಡ್ ಬರುವ ಮೊದಲೇ ಮುಗಿದಿತ್ತು. ಐದು ವರ್ಷದಲ್ಲಿ ಹೊಡೆತ ಇಮ್ಮಡಿಯಾಯಿತು ಎನ್ನುವುದಕ್ಕಿಂತ, ಹಿಂದೆ ಬಾಯಿ ಬಿಡದಿದ್ದವರು ಈಗ ಬಿಟ್ಟರು ಎಂಬ ಅಂಶವೂ ಇದರಲ್ಲಿ ಸೇರಿರಬಹುದು ಎಂದು ನನಗೆ ಅನ್ನಿಸುತ್ತದೆ. ಹೆಚ್ಚು ಯೋಚನೆಗೆ ಹಚ್ಚುವುದು ಅದೇ ಸಮೀಕ್ಷೆಯ ಇನ್ನೊಂದು ಸಂಗತಿ: ಕೆಲವು ಕಾರಣಗಳಿಗೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದು ರಾಜ್ಯದಲ್ಲಿ ಶೇ 81.9ರಷ್ಟು ಗಂಡಸರೂ ಶೇ 76.9ರಷ್ಟು ಹೆಂಗಸರೂ ಹೇಳಿದ್ದಾರೆ. ಅಂದರೆ ಹೊಡೆಸಿಕೊಂಡವಳು ಮೊದಲು ಹೇಳಿಕೊಳ್ಳುವ ಅವ್ವ, ಅಕ್ಕ, ವೈನಿ, ನೆರೆಮನೆಯಾಕೆ, ಇವರಲ್ಲಿ ನಾಲ್ವರಲ್ಲಿ ಮೂವರು ಹೊಡೆತಕ್ಕೆ ಕಾರಣವಿದ್ದೀತು ಎಂದು ಆಗಲೇ ನಂಬಿರುತ್ತಾರೆ. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಎಲ್ಲಾದರೂ ನೆರವು ಕೇಳಿದವರು ಶೇ 14 ಮಾತ್ರ ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ಸೆರೆಯ, ಅಂದರೆ ಕುಡಿತದ, ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ಕುಡಿತ ಇರುವ ಮನೆಯಲ್ಲಿ ಹೊಡೆತ ಹೆಚ್ಚು ಎಂಬುದು ನಿಜ. ಗಂಡ ಆಗಾಗ ಕುಡಿದು ಬರುವ ಮನೆಗಳಲ್ಲಿ ಶೇ 70ರಷ್ಟು ಹೆಂಗಸರು ಹಿಂಸೆಗೊಳಗಾಗಿದ್ದಾರೆಂದು ಅದೇ ಸಮೀಕ್ಷೆ ಹೇಳುತ್ತದೆ. ಆದರೆ ಕುಡಿದವನು ಗುತ್ತಿಗೆದಾರನನ್ನು ಹೊಡೆಯುವುದಿಲ್ಲ, ಬಸ್ಸಿನ ಕಂಡಕ್ಟರನನ್ನು ಹೊಡೆಯುವುದಿಲ್ಲ. ಮನೆಯ ಬಾಗಿಲು ಹಾಕಿಕೊಂಡ ಮೇಲೆಯೇ ಹೊಡೆಯುತ್ತಾನೆ. ಯಾರನ್ನು ಹೊಡೆದರೆ ನಡೆಯುತ್ತದೆ ಎಂಬ ಎಚ್ಚರ ನಿಶೆಯಲ್ಲಿಯೂ ಉಳಿದಿರುತ್ತದೆ.

ಕಂಡವರಿಗೆ ಕಾಣುವ ಗುರುತುಗಳು ಇಲ್ಲದಿಲ್ಲ. ಏಪ್ರಿಲ್, ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಉದ್ದ ತೋಳಿನ ಕುಪ್ಪಸ ತೊಟ್ಟು ಸೆರಗನ್ನು ಮೈತುಂಬ ಹೊದ್ದು ಬರುವವಳು, ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಮೂರನೇ ಸಲ ಹೇಳುವವಳು, ಸಂಘದ ಸಭೆಗೆ ಬರುವುದನ್ನು ದಿಢೀರನೆ ನಿಲ್ಲಿಸಿದವಳು, ಪಂಚಮಿಗೆ ತವರಿಗೆ ಕಳಿಸಲಿಲ್ಲವೇಕೆ ಎಂದರೆ ತಾನೇ ಬೇಡವೆಂದೆ ಎನ್ನುವವಳು. ಇವುಗಳಲ್ಲಿ ಯಾವ ಒಂದೂ ಪುರಾವೆಯಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡಾಗ, ಮತ್ತು ಅವಳ ಪರವಾಗಿ ಯಾವಾಗಲೂ ಬೇರೆ ಯಾರೋ ಉತ್ತರ ಕೊಡುತ್ತಿರುವಾಗ, ಕೇಳಿ ನೋಡುವ ಹೊಣೆ ಕಂಡವರ ಮೇಲೆ ಬೀಳುತ್ತದೆ.

ಇನ್ನು ಕೆಲವು ಗುರುತುಗಳು ಕಂಡರೆ ಕಾಯುತ್ತ ಕೂರುವಂತಿಲ್ಲ. ಕುತ್ತಿಗೆ ಹಿಸುಕುವುದು ಅವುಗಳಲ್ಲಿ ಮೊದಲನೆಯದು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಮುಂದೆ ಜೀವಕ್ಕೇ ಅಪಾಯ ಒದಗುವ ಸಂಭವ ಬಹಳ ಹೆಚ್ಚು ಎಂಬುದನ್ನು ಜಗತ್ತಿನ ಹಲವು ಕಡೆ ನಡೆದ ಅಧ್ಯಯನಗಳು ಕಂಡುಕೊಂಡಿವೆ. ಹೊರಗೆ ಕಲೆ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದಾದ್ದರಿಂದ ದನಿ ಬದಲಾದರೆ, ನುಂಗಲು ತೊಂದರೆಯಾದರೆ, ತಲೆ ತಿರುಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸೀಮೆಎಣ್ಣೆ, ಪೆಟ್ರೋಲು ಹಿಡಿದು ಬೆದರಿಸುವುದು, ಬಸುರಿಯ ಹೊಟ್ಟೆಗೆ ಒದೆಯುವುದು, ಹೊಡೆತದ ನಡುವಿನ ದಿನಗಳು ಕಡಿಮೆಯಾಗುತ್ತ ಬರುವುದು, ಬಿಟ್ಟು ಹೋದರೆ ಮಕ್ಕಳನ್ನು ಮುಗಿಸುತ್ತೇನೆನ್ನುವುದು ಕೂಡ ಇದೇ ಬಗೆಯವು. ಹೆಣ್ಣುಮಗಳು ಮನೆ ಬಿಡಲು ಹೊರಟ ದಿನಗಳೇ ಎಲ್ಲಕ್ಕಿಂತ ಅಪಾಯದವು ಎಂಬುದನ್ನು ನೆರವಿಗೆ ಹೋಗುವವರು ಮರೆಯುವಂತಿಲ್ಲ. ನಾಳೆ ತವರಿಗೆ ಹೊರಡುತ್ತಾಳಂತೆ ಎಂದು ಓಣಿಯಲ್ಲಿ ಆಡಿದ ಒಂದು ಮಾತು ಅವಳ ಜೀವಕ್ಕೆ ಎರವಾಗಬಹುದು.

ಹಾಗಿದ್ದರೆ ಅವಳು ಬಿಟ್ಟೇಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಈ ಭಾಗದ ಮದುವೆಯ ರೀತಿಯಲ್ಲಿಯೇ ಅರ್ಧ ಉತ್ತರವಿದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಇಲ್ಲಿ ಇನ್ನೂ ಬಳಕೆಯಲ್ಲಿದೆ. ಗೊತ್ತಿದ್ದವರ ಮನೆ, ಮಗಳು ಸುಖವಾಗಿರುತ್ತಾಳೆ ಎಂಬ ಭರವಸೆಯಿಂದ ನಡೆಯುವ ಈ ಮದುವೆಗಳಲ್ಲಿ ಹೊಡೆಯುವವನು ಅವ್ವನ ಖಾಸಾ ತಮ್ಮನೇ ಆಗಿರುತ್ತಾನೆ. ದೂರು ಕೊಟ್ಟರೆ ಅವ್ವ ತನ್ನ ತವರನ್ನು ಕಳೆದುಕೊಳ್ಳುತ್ತಾಳೆ, ಅಜ್ಜಿ ಮಗನ ಪರವೋ ಮೊಮ್ಮಗಳ ಪರವೋ ಎಂದು ತೀರ್ಮಾನಿಸಬೇಕಾಗುತ್ತದೆ. ತವರು ಮತ್ತು ಗಂಡನ ಮನೆ ಒಂದೇ ಬಳ್ಳಿಯ ಎರಡು ಕುಡಿಗಳಾಗಿರುವಾಗ ಓಡಿ ಬರುವುದಕ್ಕೆ ಇನ್ನೊಂದು ಮನೆಯೇ ಉಳಿಯುವುದಿಲ್ಲ. ಹೊರಗೆ ಕೊಟ್ಟರೂ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತು ಕಾದಿರುತ್ತದೆ. ಮದುವೆಯ ಸಾಲ ತೀರಿಲ್ಲ, ಹಿಂದೆ ಇನ್ನಿಬ್ಬರು ತಂಗಿಯರಿದ್ದಾರೆ, ತಂದೆಗೆ ಮೈಯಲ್ಲಿ ನೆಟ್ಟಗಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿ ತಡೆದುಕೊಂಡಿರುವವಳನ್ನು ಧೈರ್ಯವಿಲ್ಲದವಳು ಎನ್ನುವುದು ಅನ್ಯಾಯ.

ಈ ಲೆಕ್ಕದ ನಡುವೆ ದೈವ ಕೂಡುತ್ತದೆ. ಗುಡಿಯ ಕಟ್ಟೆಯ ಮೇಲೋ, ತಾಂಡಾದಲ್ಲಿ ನಾಯಕನ ಮನೆಯ ಮುಂದೋ, ಮೊಹಲ್ಲಾದಲ್ಲಿ ಮಸೀದಿಯ ಹಿರಿಯರೆದುರೋ ಎರಡೂ ಕಡೆಯವರು ಸೇರುತ್ತಾರೆ. ಈ ಕೂಟಗಳನ್ನು ಪೂರ್ತಿ ತಳ್ಳಿಹಾಕುವವನು ನಾನಲ್ಲ. ರಾತ್ರೋರಾತ್ರಿ ಸೇರಿ ಒಂದು ಜೀವ ಉಳಿಸುವ ಶಕ್ತಿ ಅವುಗಳಿಗಿದೆ, ಅಷ್ಟು ಬೇಗ ಸೇರುವ ಸರ್ಕಾರಿ ಕಚೇರಿ ಯಾವುದೂ ಇಲ್ಲ. ಆದರೆ ಅಲ್ಲಿ ಬೀಳುವ ಮೊದಲ ಪ್ರಶ್ನೆಯನ್ನು ಗಮನಿಸಿ. ‘ಯಾಕ ಹೊಡದಿಯೋ ತಮ್ಮಾ?’ ಎಂದು ಕೇಳುತ್ತಾರೆ, ಅವನು ಕಾರಣ ಕೊಡುತ್ತಾನೆ: ಎದುರು ಮಾತಾಡಿದಳು, ಹೇಳದೆ ಹೊರಗೆ ಹೋದಳು, ಅವ್ವನಿಗೆ ಗೌರವ ಕೊಡಲಿಲ್ಲ. ಕಾರಣ ಸಭೆಯ ಮುಂದೆ ಬಂದ ಕ್ಷಣದಿಂದ ವಿಚಾರಣೆ ಅವಳ ನಡತೆಯದಾಗುತ್ತದೆ, ಹೊಡೆತದ್ದಲ್ಲ. ಕೊನೆಗೆ ಇಬ್ಬರಿಗೂ ಬುದ್ಧಿ ಹೇಳಿ, ಅವನಿಂದ ಬಾಂಡ್ ಪೇಪರಿನ ಮೇಲೆ ಮುಚ್ಚಳಿಕೆ ಬರೆಸಿಕೊಂಡು, ಅದೇ ಸಂಜೆ ಅವಳನ್ನು ಅದೇ ಮನೆಗೆ ಕಳಿಸಲಾಗುತ್ತದೆ.

2005ರ ಕಾಯ್ದೆಯ ಕೆಳಗೆ 2006ರಲ್ಲಿ ಮಾಡಿದ ನಿಯಮಗಳು ಈ ಪ್ರಶ್ನೆಯನ್ನೇ ತಿರುಗಿಸಿಬಿಡುತ್ತವೆ. ಮ್ಯಾಜಿಸ್ಟ್ರೇಟರು ಆಪ್ತಸಮಾಲೋಚನೆಗೆ ಕಳಿಸಿದಾಗ ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರನಿಗೆ ಅವಕಾಶವೇ ಇರಬಾರದು ಎಂದು 14ನೇ ನಿಯಮ ಹೇಳುತ್ತದೆ. ಯಾಕೆ ಹೊಡೆದೆ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಇನ್ನು ಹೊಡೆಯುವುದಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂಬುದೇ ಪ್ರಶ್ನೆ. ಈ ಒಂದು ನಿಯಮವನ್ನು ನಮ್ಮ ಹಿರಿಯರು ತಮ್ಮ ಕಟ್ಟೆಗೆ ತಂದುಕೊಂಡರೆ ನ್ಯಾಯದ ರೀತಿಯೇ ಬದಲಾಗುತ್ತದೆ. ಅವಳ ಮಾತನ್ನು ಅವನಿಲ್ಲದಾಗ, ಸಾಧ್ಯವಾದರೆ ಹಿರಿಯ ಹೆಣ್ಣುಮಗಳೊಬ್ಬಳ ಮುಂದೆ ಬೇರೆಯಾಗಿ ಕೇಳುವುದು, ಮತ್ತು ಆ ರಾತ್ರಿ ಅವಳನ್ನು ತಿರುಗಿ ಕಳಿಸದಿರುವುದು, ಇವೆರಡಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಮುಚ್ಚಳಿಕೆಯ ಬಗ್ಗೆಯೂ ಒಂದು ಮಾತು: ಅದನ್ನು ಮುರಿದವನಿಗೆ ಕಾನೂನಿನ ಶಿಕ್ಷೆ ಏನೂ ಇಲ್ಲ. ಮ್ಯಾಜಿಸ್ಟ್ರೇಟರು ಕೊಟ್ಟ ಸಂರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆದೇಶ ಪಡೆಯುವ ದಾರಿ ಜನ ತಿಳಿದಷ್ಟು ಜಟಿಲವಲ್ಲ, ಕಾಯ್ದೆ ಬಯಸಿದಷ್ಟು ಸುಲಭವೂ ಅಲ್ಲ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅಂದರೆ ಜನ ಸಿಡಿಪಿಒ ಎಂದು ಕರೆಯುವ ಅಧಿಕಾರಿಗೇ, ಈ ಕಾಯ್ದೆಯಡಿ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನೂ ವಹಿಸಲಾಗಿದೆ. ಅಂಗನವಾಡಿಗಳ ಆಹಾರ, ಕಟ್ಟಡ, ಸಿಬ್ಬಂದಿಯ ಲೆಕ್ಕದಲ್ಲಿ ಮುಳುಗಿರುವ ಒಬ್ಬರ ಮೇಲೆ ಇದನ್ನೂ ಹೊರಿಸಿರುವುದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಎಂದು ನಾನು ತಿಳಿಯುತ್ತೇನೆ; ಆದರೂ ಚಿಂಚೋಳಿಯವಳು ಕಲಬುರಗಿಗೆ, ಔರಾದ್‌ನವಳು ಬೀದರ್‌ಗೆ, ಸುರಪುರದವಳು ಯಾದಗಿರಿಗೆ ಅಲೆಯದೆ ತನ್ನ ತಾಲ್ಲೂಕಿನಲ್ಲಿಯೇ ಒಂದು ಬಾಗಿಲು ತಟ್ಟಬಹುದು ಎಂಬ ಅನುಕೂಲ ಇದರಲ್ಲಿದೆ. ಅವರು ನಡೆದ ಘಟನೆಗಳನ್ನು ಡಿಐಆರ್ (ಕೌಟುಂಬಿಕ ಘಟನಾ ವರದಿ) ಎಂಬ ನಮೂನೆಯಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ವರದಿ ಇಲ್ಲದಿದ್ದರೂ ಹೆಣ್ಣುಮಗಳು ನೇರವಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದೆಂದು, ವರದಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟಪಡಿಸಿದೆ. ವಕೀಲರ ಫೀಜಿನ ಭಯ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಗಳಿಗೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೆ 15100ಕ್ಕೆ ಕರೆ ಮಾಡಬಹುದು.

ನ್ಯಾಯಾಲಯದಿಂದ ಕೇಳಬಹುದಾದದ್ದು ಕೇವಲ ಹೊಡೆಯಬೇಡ ಎಂಬ ಆಜ್ಞೆಯಲ್ಲ. ಅವಳನ್ನು ಮನೆಯಿಂದ ಹೊರಹಾಕದಂತೆ, ಅಗತ್ಯವಿದ್ದರೆ ಅವನೇ ಮನೆ ಬಿಡುವಂತೆ, ಖರ್ಚಿಗೆ ಹಣ ಕೊಡುವಂತೆ, ಮಕ್ಕಳು ತಾತ್ಕಾಲಿಕವಾಗಿ ಅವಳ ಬಳಿಯಿರುವಂತೆ, ಆದ ನೋವಿಗೆ ಪರಿಹಾರ ಕೊಡುವಂತೆ ಆದೇಶ ಪಡೆಯಬಹುದು. ತುರ್ತಾದರೆ ಎದುರುದಾರ ಬರುವ ಮುನ್ನವೇ ಮಧ್ಯಂತರ ಆದೇಶ ಸಿಗಬಹುದು. ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎಂದು ಗದರಿಸುವುದುಂಟು. ಅತ್ತೆ ಮಾವನಿಗೆ ಸೇರಿದ ಮನೆಯೂ ಅವಳು ಸಂಸಾರ ನಡೆಸಿದ ಮನೆಯಾಗಿದ್ದರೆ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿಯನ್ನು ಅರುವತ್ತು ದಿನದೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ನೋಟಿಸು ಮುಟ್ಟಿಸುವುದರಲ್ಲಿಯೇ, ಅದೂ ಗಂಡ ಗುಳೆ ಹೋಗಿದ್ದರೆ, ಆ ಅರುವತ್ತು ದಿನ ಕಳೆದುಹೋಗುತ್ತದೆ ಎಂಬುದನ್ನು ಅವಳಿಗೆ ಮೊದಲೇ ಹೇಳಿರುವುದು ಒಳ್ಳೆಯದು. ಆದ್ದರಿಂದಲೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ಗಡಿಯ ಜಿಲ್ಲೆಗಳಾದ್ದರಿಂದ ಇನ್ನೊಂದು ಪ್ರಶ್ನೆ ನಮ್ಮಲ್ಲಿ ವಿಶೇಷವಾಗಿ ಏಳುತ್ತದೆ. ಭಾಲ್ಕಿಯ ಹುಡುಗಿಯನ್ನು ಉದಗೀರಕ್ಕೆ, ಸೇಡಂನವಳನ್ನು ತಾಂಡೂರಿಗೆ, ಯಾದಗಿರಿಯವಳನ್ನು ನಾರಾಯಣಪೇಟೆಗೆ, ಆಳಂದದವಳನ್ನು ಸೊಲ್ಲಾಪುರಕ್ಕೆ ಕೊಡುವುದು ಇಲ್ಲಿ ದಿನನಿತ್ಯದ ಸಂಗತಿ. ಹೊಡೆತ ಮಹಾರಾಷ್ಟ್ರದಲ್ಲಿಯೋ ತೆಲಂಗಾಣದಲ್ಲಿಯೋ ನಡೆದದ್ದರಿಂದ ದೂರನ್ನೂ ಅಲ್ಲಿಯೇ ಕೊಡಬೇಕೆಂದು ತಿಳಿದು ಎಷ್ಟೋ ಜನ ಸುಮ್ಮನಾಗುತ್ತಾರೆ. ಅದು ತಪ್ಪು ತಿಳಿವಳಿಕೆ. ಹೆಣ್ಣುಮಗಳು ತಾತ್ಕಾಲಿಕವಾಗಿ ನೆಲೆಸಿರುವ ಊರಿನ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೇಳುವ ಅಧಿಕಾರವಿದೆ, ಅವರು ಕೊಟ್ಟ ಆದೇಶ ದೇಶವೆಲ್ಲ ನಡೆಯುತ್ತದೆ ಎಂದು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಕ್ರೌರ್ಯದ ಕ್ರಿಮಿನಲ್ ದೂರನ್ನು ಕೂಡ ಅವಳು ಆಸರೆ ಪಡೆದ ಊರಿನಲ್ಲಿಯೇ ದಾಖಲಿಸಬಹುದೆಂದು 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಆ ಕ್ರಿಮಿನಲ್ ದಾರಿ ಬೇರೆಯದು. ಹಿಂದೆ ಭಾರತೀಯ ದಂಡ ಸಂಹಿತೆಯ 498ಎ ಎಂದಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿವೆ. ಶಿಕ್ಷೆ ಮೂರು ವರ್ಷದವರೆಗೆ. ಗಂಡನನ್ನು ಜೈಲಿಗೆ ಹಾಕಿಸುವ ಮನಸ್ಸು ಬಹಳ ಜನರಿಗೆ ಇರುವುದಿಲ್ಲ, ಹೊಡೆತ ನಿಂತರೆ ಸಾಕಾಗಿರುತ್ತದೆ. ಅಂಥವರಿಗೆ 2005ರ ಕಾಯ್ದೆಯ ದಾರಿ ಇದೆ, ಅದಕ್ಕೆ ಎಫ್‌ಐಆರ್ ಬೇಕಿಲ್ಲ. ಆ ದಾರಿ ಇದೆ ಎಂಬುದನ್ನು ಠಾಣೆಯಲ್ಲಿ ಹೇಳಬೇಕಾದದ್ದು ಪೊಲೀಸರ ಕರ್ತವ್ಯವೆಂದು 5ನೇ ಕಲಮಿನಲ್ಲಿಯೇ ಬರೆದಿದೆ. ಸಂರಕ್ಷಣಾಧಿಕಾರಿ ಯಾರು, ಉಚಿತ ವಕೀಲರು ಎಲ್ಲಿ ಎಂದು ತಿಳಿಸುವುದೂ ಅದರಲ್ಲಿ ಸೇರಿದೆ. ಸುಳ್ಳು ಕೇಸಿನ ಮಾತೆತ್ತುವವರಿಗೆ ಒಂದು ನೆನಪು: ಇಂಥ ಪ್ರಕರಣಗಳಲ್ಲಿ ದೂರು ಬಂದ ಕೂಡಲೇ ಬಂಧಿಸಬಾರದು, ಕಾರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿಯೇ ನಿರ್ದೇಶನ ಕೊಟ್ಟಿದೆ. ಬೀದರ್ ಪೊಲೀಸರ ಅಕ್ಕ ಪಡೆ ಎಂಬ ಮಹಿಳಾ ಗಸ್ತು ತಂಡದಂಥ ಪ್ರಯತ್ನಗಳು ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಗೆ ಧೈರ್ಯ ತಂದಿವೆ. ನಾಲ್ಕು ಗೋಡೆಯೊಳಗಿನದಕ್ಕೆ ಒಳಗೆ ಹೋಗುವ ಕಾರಣವಿರುವ ಬೇರೆಯವರೇ ಬೇಕು.

ಅಂಥ ಕಾರಣವಿರುವವರು ಊರಲ್ಲಿ ಇಬ್ಬರಿದ್ದಾರೆ, ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ. ತಾಯಿ ಕಾರ್ಡು ನೋಡಲು, ಕೂಸಿನ ತೂಕ ಕೇಳಲು ಅವರು ಬಂದರೆ ಅತ್ತೆಗೂ ಸಂಶಯ ಬರುವುದಿಲ್ಲ. ಎಲ್ಲರೆದುರು ನಿನ್ನ ಗಂಡ ಹೊಡೆಯುತ್ತಾನೇನು ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಖಂಡಿತ, ರಾತ್ರಿ ಹೊಡೆತವೂ ಖಂಡಿತ. ಅಂಗನವಾಡಿಗೆ ಕರೆದು, ಬೇರೆ ಕೆಲಸದ ನಡುವೆ, ‘ಮನ್ಯಾಗ ಹೆದರಿಕಿ ಅನಸ್ತದೇನವ್ವಾ?’ ಎಂದು ಕೇಳಿ ಸುಮ್ಮನೆ ಕಾಯುವುದು ಹೆಚ್ಚು ಫಲ ಕೊಡುತ್ತದೆ. ಮೊದಲ ಸಲ ಅವಳು ಹೇಳದಿರಬಹುದು. ಕೇಳಿದವರು ಇದ್ದಾರೆಂಬುದು ಅವಳ ಮನಸ್ಸಿನಲ್ಲಿ ಉಳಿಯುತ್ತದೆ. ಹೇಳಿದ ಮೇಲೆ ಕೇಳಿದವಳು ಮಾಡಬೇಕಾದದ್ದು ನಂಬುವುದು, ಬೇರೆ ಯಾರಿಗೂ ಹೇಳದಿರುವುದು, ಮತ್ತು ಮುಂದೇನು ಎಂಬ ತೀರ್ಮಾನವನ್ನು ಅವಳಿಗೇ ಬಿಡುವುದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಕಾಯುವಂತಿಲ್ಲ. ನೆರೆಯವರು ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ ಎಂದು 4ನೇ ಕಲಮು ಅಭಯ ಕೊಟ್ಟಿದೆ. ಹೇಳಿದರೆ ತಮ್ಮ ಮೇಲೆಯೇ ಕೇಸು ಬೀಳುತ್ತದೆಂದು ಹೆದರಿ ಕಿಟಕಿ ಮುಚ್ಚಿಕೊಳ್ಳುವವರಿಗೆ ಈ ಕಲಮು ಗೊತ್ತಿರುವುದಿಲ್ಲ.

ನಡುರಾತ್ರಿಯಾದರೆ ತುರ್ತು ಕರೆಯ 112, ಸಲಹೆ ಮತ್ತು ನೆರವಿಗೆ ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098. ಮನಸ್ಸು ತೀರ ಕುಸಿದು ಬದುಕೇ ಬೇಡವೆನಿಸಿದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. 2015ರಲ್ಲಿ ಆರಂಭವಾದ ಯೋಜನೆಯಂತೆ ಜಿಲ್ಲೆಗಳಲ್ಲಿ ನಡೆಯುವ ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತಸಮಾಲೋಚನೆ, ಕೆಲವು ದಿನದ ಆಸರೆ ಒಂದೇ ಕಡೆ ಸಿಗಬೇಕು; ಹೆಚ್ಚು ದಿನ ಉಳಿಯಲು ಶಕ್ತಿ ಸದನ ಎಂಬ ಆಶ್ರಯಧಾಮಗಳಿವೆ. ತಾಲ್ಲೂಕುಗಳಲ್ಲಿ ಸಾಂತ್ವನ ಕೇಂದ್ರ ಇದ್ದರೆ ಅಲ್ಲಿಯೂ ಕೇಳಬಹುದು. ಲಂಬಾಣಿ, ಉರ್ದು, ಮರಾಠಿ, ತೆಲುಗು ಮಾತನಾಡುವ ಹೆಣ್ಣುಮಗಳ ಹೇಳಿಕೆಯನ್ನು ಜೊತೆಗೆ ಬಂದ ಮೈದುನನೇ ಕನ್ನಡಕ್ಕೆ ತಿರುಗಿಸಿ ಹೇಳುವ ಪರಿಪಾಠ ನಮ್ಮ ಕಚೇರಿಗಳಲ್ಲಿ ನಿಲ್ಲಬೇಕು. ಅವಳ ಮಾತು ಬಲ್ಲ ಹೊರಗಿನ ಹೆಣ್ಣುಮಗಳೊಬ್ಬಳನ್ನು ಕರೆಸುವುದು ನಮ್ಮ ಊರುಗಳಲ್ಲಿ ಕಷ್ಟದ ಕೆಲಸವೇನಲ್ಲ.

ಇನ್ನುಳಿದದ್ದು ಕಾಗದಪತ್ರದ ವಿಷಯ. ಆಸ್ಪತ್ರೆಗೆ ಹೋದಾಗ ಬಿದ್ದೆ ಎನ್ನದೆ ಯಾರು ಹೇಗೆ ಹೊಡೆದರೆಂಬುದನ್ನು ವೈದ್ಯರಿಗೆ ಹೇಳಿ ಎಂಎಲ್‌ಸಿ ಎಂಬ ವೈದ್ಯಕೀಯ-ಕಾನೂನು ದಾಖಲೆ ಬರೆಸಿದರೆ, ಎರಡು ವರ್ಷದ ನಂತರವೂ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಮದುವೆಯ ಲಗ್ನಪತ್ರಿಕೆ ಮತ್ತು ಒಂದೆರಡು ಫೋಟೊ, ಇವುಗಳ ಝೆರಾಕ್ಸನ್ನು ನಂಬಿಗಸ್ತ ಗೆಳತಿಯ ಮನೆಯಲ್ಲಿ ಇಟ್ಟಿರುವುದು ಮನೆ ಬಿಡುವ ತೀರ್ಮಾನವಲ್ಲ, ಬಿಡಬೇಕಾಗಿ ಬಂದರೆ ಬರಿಗೈಯಲ್ಲಿ ಓಡದಿರುವ ಎಚ್ಚರ. 2023ರ ಜೂನಿನಿಂದ ರಾಜ್ಯದೊಳಗೆ ಓಡುವ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣ ಬೇಕಿಲ್ಲ. ತಾಲ್ಲೂಕಿಗೆ ಹೋಗಿ ಬರಲು ಗಂಡನ ಮುಂದೆ ಕೈ ಚಾಚಬೇಕಿದ್ದ ಒಂದು ಕಟ್ಟು ಹಾಗೆ ಸಡಿಲಾಗಿದೆ. ಸಂರಕ್ಷಣಾ ಆದೇಶ ಕೈಗೆ ಬಂದ ದಿನ ಅದರ ಪ್ರತಿಯನ್ನು ನ್ಯಾಯಾಲಯ ಅವಳಿಗೂ ಠಾಣೆಗೂ ಉಚಿತವಾಗಿ ಕೊಡಬೇಕು. ಒಂದು ಝೆರಾಕ್ಸನ್ನು ಪಕ್ಕದ ಮನೆಯವರ ಬಳಿ ಕೊಟ್ಟಿಡುವುದು ಉತ್ತಮ, ಏಕೆಂದರೆ ಮುಂದಿನ ಸಲ ಚೀರಾಟ ಕೇಳಿ 112ಕ್ಕೆ ಕರೆ ಮಾಡುವವರು ಅವರೇ, ಮತ್ತು ಈ ಮನೆಗೆ ಸಂರಕ್ಷಣಾ ಆದೇಶವಿದೆ ಎಂದು ಆದೇಶದ ನಂಬರಿನ ಸಮೇತ ಅವರು ಆಗ ಹೇಳಬಹುದು.